ಗಿರಣಿ ಬೆರೆಸಿದ್ದು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಕಲ್ಲಪ್ಪನವರಿಗೆ,

ಕಾಲೇಜಿನ ಅಡ್ಡಹೆಸರು ಹಿಡಿದು ಕರೆದಳೆಂದು ಹುಬ್ಬು ಗಂಟಿಕ್ಕಬೇಡಿ. ಬೇರೆ ಮನೆ ಮಾಡಿಕೊಂಡ ಗಂಡನನ್ನು ಏನೆಂದು ಕರೆಯಬೇಕೆಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ವಿಷಯ ಇಷ್ಟೇ: ನಿಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿರುವ ಬೂದುಗಲ್ಲು ನಮ್ಮ ಮಗಳು ಬೆಣಚಿಯ ಪಿಎಚ್.ಡಿ.ಗೆ ಬೇಕು. ನೋಡಲಿಕ್ಕಲ್ಲ, ಪುಡಿ ಮಾಡಲಿಕ್ಕೆ.

ಎದೆ ಧಸಕ್ಕೆಂದಿತೇ? ಬಟ್ಟೆಬರೆ ಬಿಟ್ಟರೆ ಈ ಮನೆಯಿಂದ ನೀವು ಒಯ್ದದ್ದು ಅದೊಂದನ್ನೇ. ಅದನ್ನು ಒಡೆದು ತೆಗೆದ ಬಂಡೆಯ ಮೇಲೆ ಈಗ ಜಲಾಶಯದ ನೀರು ನಿಂತಿದೆ.

ಅಂದು ನಾನು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರೆ, ನೀವು ಆಗತಾನೇ ಒಡೆದ ಕಲ್ಲನ್ನು ನೆಕ್ಕುತ್ತಿದ್ದಿರಿ. ಒದ್ದೆಯಾದರೆ ಹರಳು ಚೆನ್ನಾಗಿ ಕಾಣುತ್ತವೆಂದು ನನಗೂ ಗೊತ್ತಿತ್ತು. ಆದರೂ ಉಪ್ಪು ಸರಿಯಾಗಿದ್ಯಾ ಅಂತ ಕೇಳಿದೆ. ಸ್ವಲ್ಪ ಸಪ್ಪೆ ಕಣ್ರೀ, ನೀವೂ ನೋಡಿ ಅಂತ ಚಾಚಿದಿರಿ. ಅಮ್ಮನಿಂದ ಈ ಸಂಗತಿ ಮುಚ್ಚಿಟ್ಟೇ ನಿಮ್ಮನ್ನು ಮದುವೆಯಾದೆ.

ಕರಿಕಲ್ಲು ಆಳದಲ್ಲಿ ಕರಗಿ, ಅದರಿಂದ ಹಗುರಾದ ಬೂದುಗಲ್ಲು ಮೇಲೆದ್ದು ಭೂಮಿಯ ಮೊದಲ ಖಂಡಗಳಾದವು ಎನ್ನುವವರೆಗೆ ನಾವು ಸತಿಪತಿ. ಕರಗಿದ್ದೆಲ್ಲಿ ಎಂದೊಡನೆ ವಾದಿ ಪ್ರತಿವಾದಿ. ದಪ್ಪ ಪದರದ ಬುಡದಲ್ಲಿ, ಇದ್ದಲ್ಲೇ ಬೆಂದಿತು ಎಂದಿರಿ ನೀವು. ಭೂಮಿಯ ಚಿಪ್ಪಿನ ಒಂದು ತಟ್ಟೆ ಇನ್ನೊಂದರಡಿ ಜಾರಿ, ಕಡಲ ನೀರನ್ನೂ ಹೊತ್ತು ಇನ್ನೂ ಆಳಕ್ಕಿಳಿದು ಕರಗಿತು ಎಂದೆ ನಾನು. ಸಾಕ್ಷಿಗೆ ನಿಯೋಬಿಯಂ ಮತ್ತು ಟ್ಯಾಂಟಲಂ. ಅವಳಿಗಳಂತೆ ಜೊತೆಗೇ ಓಡಾಡುವ ಈ ಧಾತುಗಳನ್ನು ಆಳದ ಕೆಲವು ಖನಿಜಗಳು ಮಾತ್ರ ಅಗಲಿಸಬಲ್ಲವು. ಹಾಗಾಗಿ ಇವು ಎಷ್ಟೆಷ್ಟಿವೆ ಎಂದು ನೋಡಿ ಕರಗಿದ ಆಳ ಊಹಿಸುತ್ತೇವೆ. ನಮ್ಮ ಕಲ್ಲಿನಲ್ಲಿ ಟ್ಯಾಂಟಲಂ ವಿಪರೀತ. ಅದೇ ಅಂಕಿ ಹಿಡಿದು ನೀವೊಂದು ಪ್ರಬಂಧ ಬರೆದಿರಿ, ಅದನ್ನೇ ತಿರುಗಿಸಿ ನಾನೊಂದು. ತಟ್ಟೆ ಮುಳುಗುತ್ತದೋ ಇಲ್ಲವೋ ಎಂದು ನಾವು ಊಟಕ್ಕೆ ಕೂತಲ್ಲೇ ಕೂಗಾಡುವಾಗ ಬೆಣಚಿ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆಯುತ್ತಿದ್ದಳು. ಕೊನೆಗೆ ನೀವು ಬೇರೆ ಊರಿನ ಕೆಲಸ ಹಿಡಿದಿರಿ.

ಮೊನ್ನೆ ಅವಳು, ಅದೇ ಬಂಡೆಯ ಚೂರಿನಿಂದ ನಾವು ಆಗ ಅರೆದಿಟ್ಟಿದ್ದ ಹಳೆಯ ಪುಡಿಯನ್ನೇ ಪರೀಕ್ಷಿಸಿ ಬಂದಳು. ಅಮ್ಮಾ, ಇದ್ರಲ್ಲಿ ಟಂಗ್‌ಸ್ಟನ್ನೂ ತುಂಬಿಕೊಂಡಿದೆ, ಇದನ್ನ ಯಾವುದರಲ್ಲಿ ಅರೆದಿರಿ ಅಂದಳು. ಟಂಗ್‌ಸ್ಟನ್ ಕಾರ್ಬೈಡ್ ಗಿರಣಿ ಕಣೇ, ಆಗ ಎಲ್ಲರೂ ಅದರಲ್ಲೇ ಅಂದೆ. ಹಾಗಾದ್ರೆ ಟ್ಯಾಂಟಲಂ ಕಲ್ಲಿಂದಲ್ಲಮ್ಮ, ಆ ಗಿರಣಿಯ ಲೋಹದಲ್ಲಿ ಅದೂ ಇರುತ್ತೆ, ಸವೆದು ಬೆರೆತದ್ದು, ಇಷ್ಟು ವರ್ಷ ನೀವಿಬ್ರೂ ಗಿರಣಿಗೋಸ್ಕರ ಕಿತ್ತಾಡಿದ್ರಾ ಅಂತ ಕೇಳಿದಳು. ಅಪ್ಪನಿಗೆ ಫೋನ್ ಮಾಡಿ ಹೇಳೇ ಅಂದೆ. ಜಗಳ ನಿಮ್ಮದು, ನೀನೇ ಹೇಳು ಅಂದುಬಿಟ್ಟಳು.

ಈಗ ಲೋಹವೇ ಇಲ್ಲದ ಅಗೇಟ್ ಒರಳಿನಲ್ಲಿ ಅರೆದರೆ ನಿಜ ತಿಳಿದೀತು. ಕಲ್ಲು ಮಾತ್ರ ಉಳಿಯುವುದಿಲ್ಲ. ಅದಿಲ್ಲದೆ ನಿಮ್ಮ ಮೇಜು ಬೋಳಾಗುತ್ತದೆಂದೂ ಬಲ್ಲೆ. ಪಾರ್ಸಲ್ ಮಾಡಬೇಡಿ ರೀ, ಕಳೆದುಹೋದೀತು. ನೀವೇ ತನ್ನಿ. ರಾಜಿಗೆಂದಲ್ಲ, ಸೋತ ಮುಖ ಯಾರದೆಂದು ಹತ್ತಿರದಿಂದ ನೋಡಲಿಕ್ಕೆ.

ಇಂತಿ,
ವಾದ ಇನ್ನೂ ಮುಗಿಸದ
ನಿಮ್ಮ ಪ್ರತಿವಾದಿ

ತಾ.ಕ.: ಇವತ್ತು ಗುರುವಾರ. ಪತ್ರ ಕೈಚೀಲದಲ್ಲೇ ಉಳಿದಿತ್ತು. ಅಷ್ಟರಲ್ಲಿ ವಿಭಾಗದ ಕಪಾಟಿನ ಹಿಂದೆ ಅದೇ ಬಂಡೆಯ ಇನ್ನೊಂದು ಚೂರು ಸಿಕ್ಕಿ, ಬೆಣಚಿ ಅರೆಯಲು ಕೂತಿದ್ದಾಳೆ. ನಿಮ್ಮ ಕಲ್ಲು ನಿಮ್ಮಲ್ಲೇ ಇರಲಿ. ಈ ಪತ್ರ ಹರಿದುಹಾಕಬೇಕಿತ್ತು, ಕೈ ಬರಲಿಲ್ಲ. ಶನಿವಾರ ಇಡೀ ದಿನ ಮನೆಯಲ್ಲೇ ಇರುತ್ತೇನೆ.