ಎಡ ತೋಳಿನ ಹತ್ತಿ

ಗುರುವಾರ, ಮಧ್ಯಾಹ್ನ ಮೂರು ಗಂಟೆ
ಎರಡನೇ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ

ನನ್ನ ಬಂಗಾರಿಗೆ, ಮಲಗಿದಲ್ಲಿಂದಲೇ ಅಮ್ಮನ ಮುತ್ತು.

ಫೋನ್ ಮಾಡದೆ ಪತ್ರ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ್ದಾರೆ, ಎರಡು ಮಾತಾಡಿದರೆ ಕೆಮ್ಮು ಒತ್ತರಿಸಿ ಬರುತ್ತದೆ. ಕೈ ಮಾತ್ರ ಚೆನ್ನಾಗಿದೆ. ಸಂಜೆ ದೊಡ್ಡಮ್ಮ ಬಂದಾಗ ಇದರ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ.

ಜ್ವರ ಇಳಿದಿದೆ, ಕನಸು ಇನ್ನೂ ಇಳಿದಿಲ್ಲ. ಕಣ್ಣು ಮುಚ್ಚಿದರೆ ಈ ಬಿಳಿ ಸೂರು ಕತ್ತರಿಸದ ಬಟ್ಟೆಯ ಥಾನಿನ ಹಾಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಅದರ ಕೆಳಗೆ ನಮ್ಮ ಹೊಲಿಗೆ ಅಂಗಡಿ ತೇಲುತ್ತಿರುತ್ತದೆ. ಎಂದಿನಂತೆ ದೊಡ್ಡಮ್ಮ ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ, ನೀನು ಮೇಜಿನ ಕೆಳಗೆ ಚಿಂದಿಗಳ ಮೇಲೆ ಮೂರು ವರ್ಷದ ಮಗುವಾಗಿ ಮಲಗಿರುತ್ತೀಯ. ನಿನ್ನ ಹೊಟ್ಟೆ ಮಾತ್ರ ಈಗಿನದೇ, ಏಳು ತಿಂಗಳ ಬಸುರಿನದು. ಎಬ್ಬಿಸೋಣವೆಂದರೆ ನನಗೆ ದನಿಯೇ ಹೊರಡುವುದಿಲ್ಲ.

ನಿನ್ನೆ ನೀನು ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಫ್ಲೂ ಲಸಿಕೆ ತೊಗೊಂಡೂ ಅಮ್ಮ ಆಸ್ಪತ್ರೆ ಸೇರಿದ್ಲಲ್ಲ, ಮತ್ತೆ ನಾನ್ಯಾಕೆ ಚುಚ್ಚಿಸ್ಕೊಳ್ಲಿ, ಸೋಮವಾರ ಹೋಗಲ್ಲ ಅಂದೆ ನೀನು. ದೊಡ್ಡಮ್ಮ ಫೋನ್ ಕಿವಿಗಿಟ್ಟುಕೊಂಡೇ ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಗೋಡೆಯ ಕಡೆ ತಿರುಗಿ, ನಿದ್ದೆ ಬಂದವಳ ಹಾಗೆ ಮಲಗಿಬಿಟ್ಟೆ.

ಬಂಗಾರಿ, ನಾನು ಲಸಿಕೆ ತೆಗೆದುಕೊಂಡಿರಲೇ ಇಲ್ಲ.

ಆ ದಿನ ಇಬ್ಬರೂ ಕ್ಲಿನಿಕ್ಕಿಗೆ ಹೋದದ್ದು ನಿಜ. ದೊಡ್ಡಮ್ಮ ಮೊದಲು ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ಸೂಜಿ ಕಂಡದ್ದೇ ತಡ, ಚೀಲ ಅವುಚಿಕೊಂಡು ಬೆಂಚಿನ ಆ ತುದಿಗೆ ಸರಿದೆ. ಮೂವತ್ತು ವರ್ಷ ಸೂಜಿಯಿಂದಲೇ ಹೊಟ್ಟೆ ಹೊರೆದವಳು ಸೂಜಿಗೆ ಹೆದರಿದಳೆಂದರೆ ಯಾರಾದರೂ ನಗುತ್ತಾರೆ, ನೀನೂ ನಗು. ಅವಳು ಹೊರಬಂದು ಔಷಧಿ ಅಂಗಡಿಯ ಕಡೆ ನಡೆದಾಗ, ನಾನು ಒಳಗೆ ಹೋಗುವವಳಂತೆ ಎದ್ದು ಬಾತ್‌ರೂಮಿಗೆ ಹೋದೆ. ಕೋಟಿನ ಭುಜಕ್ಕೆ ತುಂಬುವ ಹತ್ತಿ ಚೀಲದಲ್ಲಿತ್ತು. ಚಿಟಿಕೆಯಷ್ಟು ಹರಿದು ಎಡ ತೋಳಿನ ಮೇಲಿಟ್ಟು ಅಂಟುಪಟ್ಟಿ ಹಾಕಿಕೊಂಡೆ. ನಿನಗೆ ಕಳಿಸಿದ ಫೋಟೊ ಅದೇ. ನಮ್ಮಮ್ಮ ಜಾಣೆ ಎಂದು ಬರೆದಿದ್ದೆ ನೀನು. ಅದನ್ನು ಓದಿ ಖುಷಿಪಟ್ಟೆ ನೋಡು, ಅದು ನನ್ನ ದೊಡ್ಡ ತಪ್ಪು.

ಆಮೇಲೆ ಜ್ವರ ಇಬ್ಬರಿಗೂ ಬಂತು. ದೊಡ್ಡಮ್ಮ ನಾಲ್ಕು ದಿನ ಕೆಮ್ಮಿ, ಗೊಣಗಿ, ಐದನೇ ದಿನ ಕತ್ತರಿ ಹಿಡಿದಳು. ನಾನು ಇಲ್ಲಿಗೆ ಬಂದೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮನಿಗೆ ನಿಜ ಹೇಳಿ, ದೊಡ್ಡಮ್ಮನನ್ನು ಉಳಿಸಿದ್ದು ಲಸಿಕೆಯೇ ಏನು ಎಂದು ಕೇಳಿದೆ. ಒಬ್ಬರನ್ನ ನೋಡಿ ಹಾಗೆ ಹೇಳಕ್ಕಾಗಲ್ಲಮ್ಮ ಅಂದರು. ತೊಗೊಂಡೋರಲ್ಲೂ ಕೆಲವರು ಆಸ್ಪತ್ರೆಗೆ ಬರ್ತಾರೆ, ಆದ್ರೆ ಹಾಗೆ ಬರೋ ಸಂಭವ ಸುಮಾರು ಅರ್ಧದಷ್ಟು ಕಮ್ಮಿಯಾಗುತ್ತೆ, ಒಂದೊಂದು ವರ್ಷ ಒಂದೊಂದು ಥರ ಅಂದರು. ಬಸುರಿಯರಿಗೆ ಈ ಜ್ವರ ಜೋರಾಗುವ ಅಪಾಯ ಹೆಚ್ಚಂತೆ. ಅವರು ತೆಗೆದುಕೊಂಡರೆ ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ಕಾವಲಿರುತ್ತದಂತೆ.

ಬರೀ ಅರ್ಧವೇ ಎನ್ನಬೇಡ. ಅರ್ಧ ಮೀಟರ್ ಬಟ್ಟೆ ಉಳಿದರೆ ಅದರಲ್ಲೇ ನಿನಗೊಂದು ಫ್ರಾಕು ಹೊಲಿಯುತ್ತಿದ್ದವಳು ನಾನು. ಅರ್ಧದ ಬೆಲೆ ನನಗಾದರೂ ಗೊತ್ತಿರಬೇಕಿತ್ತು.

ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚು ಭಯವಾಗುತ್ತಿದೆ. ನನ್ನ ಸುಳ್ಳು ನಂಬಿ ನೀನು ಇಂಥದೊಂದು ಹಾಸಿಗೆ ಹಿಡಿಯಬಾರದು. ಸೋಮವಾರ ಹೋಗು. ಬೈಯುವುದಿದ್ದರೆ ಹೋಗಿ ಬಂದ ಮೇಲೆ ಬೈ, ನನ್ನ ಕಿವಿಗೇನೂ ಆಗಿಲ್ಲ.

ಸೂಜಿಗೆ ಹೆದರಿದ ದರ್ಜಿ,
ನಿನ್ನ ಅಮ್ಮ

ಮರೆತಿದ್ದೆ: ಮೊನ್ನೆ ದೊಡ್ಡಮ್ಮ ಮನೆಯಿಂದ ತಂದುಕೊಟ್ಟ ನೈಟಿಯ ಎಡ ತೋಳಿನಲ್ಲಿ ಏನೋ ಒತ್ತುತ್ತಿತ್ತು. ಜ್ವರದ ಭ್ರಮೆ ಎಂದುಕೊಂಡಿದ್ದೆ. ಈಗ ಪತ್ರ ಮುಗಿಸಿ ಒಳಮಡಿಕೆ ಬಿಚ್ಚಿ ನೋಡಿದೆ. ಅಂದು ನಾನು ಕಿತ್ತು ಅಂಗಡಿಯ ಕಸದ ಬುಟ್ಟಿಗೆ ಹಾಕಿದ್ದ ಅದೇ ಕೋಟಿನ ಹತ್ತಿ, ಅಂಟುಪಟ್ಟಿಯ ಸಮೇತ. ಕತ್ತರಿ ಬಿಟ್ಟು ಎಂದೂ ಸೂಜಿ ಹಿಡಿಯದವಳ ಸೊಟ್ಟ ಹೊಲಿಗೆ, ಸರಿಯಾಗಿ ಲಸಿಕೆ ಚುಚ್ಚುವ ಜಾಗದಲ್ಲಿ. ಅವಳಿಗೆ ಎಲ್ಲ ಗೊತ್ತಿತ್ತು, ಬಂಗಾರಿ. ನಿನ್ನೆ ನನ್ನ ಮುಖ ನೋಡುತ್ತ, ನಾನೇ ನಿಜ ಹೇಳಲೆಂದು ಕಾದು ಕೂತದ್ದು ಅದಕ್ಕೇ.