ಮಿಲೋ ಕೊಯ್ದ ಹುಲ್ಲು

ವೆಲ್ಡನ್ ಕೌಂಟಿ, ದಕ್ಷಿಣ ಡಕೋಟಾ
ಜುಲೈ 21, 2011

ಪ್ರೀತಿಯ ಲವೋನ್,

ಈ ಕಾಗದವನ್ನೂ ಒಡೆಯದೆ ವಾಪಸು ಕಳಿಸುತ್ತೀಯೋ ಏನೋ. ಕಳಿಸು, ಮತ್ತೆ ಬರೆಯುತ್ತೇನೆ. ನನ್ನ ಹಟ ನಿನಗೆ ಹೊಸದಲ್ಲ. ಭಾನುವಾರ ಚರ್ಚಿನಲ್ಲಿ ನಾನು ಬಂದು ಕೂತ ಕೂಡಲೇ ನೀನು ಎದ್ದು ಮುಂದಿನ ಸಾಲಿಗೆ ಹೋದೆ. ಮೂವತ್ತೊಂದು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಪಾದ್ರಿ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಊರವರು ಬಣ್ಣ ಹಚ್ಚಿ ಹೇಳುವ ಬದಲು ನಾನು ಮಾಡಿದ್ದನ್ನು ನಾನೇ ಹೇಳುತ್ತೇನೆ. ನಿಮ್ಮ ನೂರೈವತ್ತು ಎಕರೆಯನ್ನು ಉಳದೆ ಹುಲ್ಲಿಗೆ ಬಿಟ್ಟಿದ್ದಕ್ಕೆ ಸರ್ಕಾರ ಎಂಟು ವರ್ಷದಿಂದ ಸಹಾಯಧನ ಕೊಡುತ್ತಿದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಆ ಹುಲ್ಲಿಗೆ ಯಂತ್ರ ತಾಗಿಸಬಾರದು. ನಿನ್ನ ಗಂಡ ಮಿಲೋ ಜೂನ್ ಮೊದಲ ವಾರದಲ್ಲೇ ಅರವತ್ತು ಎಕರೆ ಕೊಯ್ದು, ಅಚ್ಚುಕಟ್ಟಾಗಿ ಸಾಲು ಮಾಡಿ ಒಣಹಾಕಿ, ಮನೆಗೆ ಬಂದು ನಿನ್ನ ಹತ್ತಿರ ಕಾಫಿ ಕೇಳಿದ. ಬೇಕೆಂದೇ ಕೊಯ್ದಿದ್ದಾದರೆ ಎಂಟು ವರ್ಷದ ಹಣವೆಲ್ಲ ಹಿಂದಿರುಗಿಸಬೇಕು, ಅಂದರೆ ಹೊಲ ಮಾರಬೇಕು. ತಿಳಿಯದೆ ಆಗಿದ್ದಾದರೆ ಒಂದಿಷ್ಟು ದಂಡ. ಯಾವುದೆಂದು ತೀರ್ಮಾನಿಸುವವರು ಇಲ್ಲಿನ ರೈತರೇ ಆರಿಸಿದ ಸಮಿತಿಯವರು, ಇಬ್ಬರು ಗಂಡಸರು ಮತ್ತು ನಾನು.

ಸಭೆಯ ಹಿಂದಿನ ದಿನ ನೀನು ನಮ್ಮ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡೆ. "ಅವನ ಮರೆವಿನ ವಿಚಾರ ಎತ್ತಬೇಡ ಕಣೇ. ಹೊಲ ಹೋದ್ರೆ ಹೋಗ್ಲಿ, ಅವನ ಮರ್ಯಾದೆ ಒಂದು ಉಳೀಲಿ" ಎಂದೆ. ನಾನು ಆಣೆ ಮಾಡಿದೆ. ಎರಡು ವರ್ಷದಿಂದ ನೀನು ಅವನ ಷರಟಿನ ಗುಂಡಿ ಹಾಕಿಕೊಡುವುದು, ಕೆಫೆಯಲ್ಲಿ ಎದುರಿಗೆ ಬಂದವರ ಹೆಸರನ್ನು ಅವನ ಕಿವಿಯಲ್ಲಿ ಉಸುರುವುದು, ಎಲ್ಲ ಬಲ್ಲವಳು ನಾನೊಬ್ಬಳೇ.

ಮಾರನೆಯ ದಿನ ಮಿಲೋ ಇಸ್ತ್ರಿ ಷರಟು ಹಾಕಿಕೊಂಡು ನಿನ್ನ ಜೊತೆ ಸಭೆಗೆ ಬಂದ. ನಮ್ಮ ಅಧ್ಯಕ್ಷ ಕ್ಲೇಟನ್ ಒಳ್ಳೆಯವನು, ದಾರಿ ಮಾಡಿಕೊಡಲೆಂದೇ "ಕೊಯ್ಬಾರ್ದು ಅನ್ನೋದು ಮರ್ತು ಹೋಗಿತ್ತಾ ಮಿಲೋ?" ಎಂದು ಕೇಳಿದ. ಮಿಲೋ ನಕ್ಕ. "ಮರೆಯೋಕೆ ನಾನೇನು ಮುದುಕನಾ? ನನ್ನ ಹೊಲ, ಗೊತ್ತಿದ್ದೇ ಕೊಯ್ದೆ. ಬಲಿತ ಹುಲ್ಲನ್ನ ಹಾಗೇ ಬಿಡೋದು ನಿಮ್ಮಪ್ಪನ ಬುದ್ಧಿ, ನಂದಲ್ಲ" ಎಂದ. ಎಲ್ಲರೂ ನಕ್ಕರು. ಕ್ಲೇಟನ್ ನಗುತ್ತಲೇ ಪೆನ್ನು ತೆಗೆದ. ಬೇಕೆಂದೇ ಮಾಡಿದ್ದು ಎಂದು ಬರೆಯಲು ಇನ್ನೇನು ಬೇಕಿತ್ತು?

ನನಗೆ ತಡೆಯಲಾಗಲಿಲ್ಲ. ಅವನ ತಲೆ ನೆಟ್ಟಗಿಲ್ಲ, ಎರಡು ವರ್ಷವಾಯಿತು, ಬೇಕಾದರೆ ಹೆಂಡತಿಯನ್ನೇ ಕೇಳಿ ಎಂದುಬಿಟ್ಟೆ. ಅವನ ಎದುರಿಗೇ. ಅವನನ್ನು ಹೊರಗೆ ಕಳಿಸಿಯಾದರೂ ಹೇಳಬಹುದಿತ್ತು, ಅಷ್ಟೂ ಹೊಳೆಯಲಿಲ್ಲ ನನಗೆ. ಅವನು ಟೊಪ್ಪಿ ಕೈಯಲ್ಲಿ ಹಿಡಿದು ನಿನ್ನ ಕಡೆ ತಿರುಗಿ "ಹೌದಾ, ಲವೋನ್?" ಎಂದ. ನೀನು ತಲೆ ತಗ್ಗಿಸಿದೆ. ನೂರು ಮರೆತವನಿಗೆ ಅದು ಮಾತ್ರ ಅರ್ಥವಾಯಿತು.

ದಂಡ ಹಾಕಿ ಬಿಟ್ಟರು, ಹೊಲ ಉಳಿಯಿತು. ನಾಳೆ ಅವನ ಆರೈಕೆಗೆ ಆ ಹೊಲವೇ ಗತಿ, ನಾನು ಸರಿಯಾದದ್ದನ್ನೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಸಮಾಧಾನವಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಗಂಡನ ಮರ್ಯಾದೆ ತೆತ್ತು ನಿನ್ನ ಹೊಲ ಉಳಿಸಲು ನಾನ್ಯಾರು? ತಪ್ಪಾಯಿತು ಕಣೇ. ನೀನಿಲ್ಲದೆ ಎದೆ ಒಡೆದು ಹೋಗಿದೆ. ಕ್ಷಮಿಸು ಎನ್ನುವ ಮುಖವಿಲ್ಲ, ಬೈಯುವುದಕ್ಕಾದರೂ ಒಮ್ಮೆ ಬಾ.

ಎಂದಿಗೂ ನಿನ್ನವಳೇ ಆದ,
ಆರ್ಲಿಸ್

ಮರೆತಿದ್ದೆ: ಮಂಗಳವಾರ ನೀನು ಪೇಟೆಗೆ ಹೋಗಿದ್ದಾಗ ಮಿಲೋ ಒಬ್ಬನೇ ನಡೆದುಕೊಂಡು ನಮ್ಮ ಮನೆಗೆ ಬಂದಿದ್ದ. ಗಾಬರಿಯಾಗಬೇಡ, ಪಿಕಪ್ಪಿನಲ್ಲಿ ನಿಮ್ಮ ಬಾಗಿಲವರೆಗೆ ಬಿಟ್ಟು ಬಂದೆ. ಎರಡು ತುಂಡು ಹಣ್ಣಿನ ಪೈ ತಿಂದ. ಆಮೇಲೆ "ಸಭೇಲಿ ಯಾರೋ ನಂಗೆ ತಲೆ ಸರಿ ಇಲ್ಲ ಅಂದ್ರು ಆರ್ಲಿಸ್. ಯಾರು ಅಂತ ನೆನಪಾಗ್ತಿಲ್ಲ. ನಿಂಗೆ ಗೊತ್ತಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ನನ್ನ ಕೈ ತಟ್ಟಿ "ಹೋಗ್ಲಿ ಬಿಡು. ನೀನು ಅಲ್ಲಿದ್ದಿದ್ರೆ ಹಾಗೆ ಅನ್ನೋಕೆ ಬಿಡ್ತಿರ್ಲಿಲ್ಲ" ಎಂದ.