ಕೊನೆಯ ಬೆಂಚಿನ ದನಿ

ವಿಭಾಗದ ಮುಖ್ಯಸ್ಥರಿಗೆ ವಂದನೆಗಳು.

ಮೇಡಂ, ನನ್ನ ಗಂಟಲು ಕಟ್ಟಿರುವುದರಿಂದ ಮೊದಲ ವರ್ಷದವರಿಗೆ ಪಾಠ ಮಾಡುವ ಕೆಲಸವನ್ನು ದಯವಿಟ್ಟು ನನ್ನ ರೂಮ್‌ಮೇಟ್‌ಗೆ ಕೊಡಿ. ಅವಳ ಪಾಲಿಗೆ ಬಂದಿರುವ ಉತ್ತರಪತ್ರಿಕೆಗಳನ್ನು ನಾನು ತಿದ್ದುತ್ತೇನೆ.

ಆ ಕ್ಲಾಸು ನಮ್ಮಿಬ್ಬರಿಗೂ ಬೇಕಿತ್ತು. ಸಂಶೋಧನಾ ವಿದ್ಯಾರ್ಥಿಗಳಿಗೆ ಕೆಲಸ ಹಂಚುವ ಮುನ್ನ ನೀವು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅಷ್ಟು ದೊಡ್ಡ ಕ್ಲಾಸು ನಿನ್ನ ಗೆಳತಿ ಕೈಲಿ ಆಗುತ್ತೇನಮ್ಮಾ?" ಎಂದು ಕೇಳಿದ್ದಿರಿ.

"ಅವಳ ದನಿ ಸ್ವಲ್ಪ ಸಣ್ಣದು ಮೇಡಂ" ಎಂದೆ. ಪೂರ್ತಿ ಸುಳ್ಳೇನಲ್ಲ, ಲೈಬ್ರರಿಯಲ್ಲಿ ಅವಳು ಪಿಸುಗುಟ್ಟುತ್ತಾಳೆ.

ನನ್ನ ಮೊದಲ ಕ್ಲಾಸಿಗೆ, ಧೈರ್ಯಕ್ಕಿರಲೆಂದು, ಅವಳೇ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ನಾನು ಬಾಯಿ ತೆರೆದಿದ್ದೆನಷ್ಟೆ, "ಇಲ್ಲಿಗೆ ಕೇಳಿಸ್ತಿಲ್ಲ ಕಣೇ, ಸ್ವಲ್ಪ ಗಟ್ಟಿಯಾಗಿ ಹೇಳು!" ಎಂದು ಕೂಗಿದಳು. ಇಡೀ ಕ್ಲಾಸು ಹಿಂದಕ್ಕೆ ತಿರುಗಿತು. ಕಿಟಕಿಯ ಗಾಜೂ ಅದುರಿರಬೇಕು.

ಅಂದಿನಿಂದ ನನ್ನ ಗಂಟಲಿಗೆಂದು ಅವಳೇ ದಿನಾ ನೀರು ಕಾಯಿಸಿ ಕೊಡುತ್ತಿದ್ದಾಳೆ. ನಾನು ಮುಖ ನೋಡದೆ ಕುಡಿಯುತ್ತೇನೆ.

ಡಾಕ್ಟರ ಚೀಟಿಯೊಂದನ್ನು ಮಾತ್ರ ಕೇಳಬೇಡಿ ಮೇಡಂ.

ಇತಿ,
ನಿಮ್ಮ ವಿದ್ಯಾರ್ಥಿನಿ